ಸೌರ ವಿದ್ಯುತ್ ವ್ಯವಸ್ಥೆಯಲ್ಲಿ ಕೇಬಲಿನ ಗಾತ್ರದ ಆಯ್ಕೆ

ಮಹಾರಾಷ್ಟ್ರದ ಪುಣೆ ಜಿಲ್ಲೆಯ ಆಗ್ನೇಯ ತುದಿಯಲ್ಲಿರುವ ಇಂದಾಪುರ ತಾಲ್ಲೂಕು ಎರಡು ನದಿಗಳ ನಡುವಿನ ನಾಡು. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ನೀರಾ ನದಿ ಹರಿಯುತ್ತವೆ. ತಾಲ್ಲೂಕಿನ ನರಸಿಂಗಪುರದಲ್ಲಿ ಇವೆರಡೂ ಸಂಗಮಿಸುತ್ತವೆ. ಮಳೆನೆರಳಿನ ಪ್ರದೇಶವಾದರೂ ಉಜನಿ ಜಲಾಶಯದ ಹಿನ್ನೀರು ಮತ್ತು ನೀರಾ ಎಡದಂಡೆ ಕಾಲುವೆಯ ನೆರವಿನಿಂದ ಇಲ್ಲಿ ಕಬ್ಬು ಹುಲುಸಾಗಿ ಬೆಳೆಯುತ್ತದೆ. ಅದೇ ಭೀಮೆ ಸೊಲ್ಲಾಪುರ ಜಿಲ್ಲೆಯನ್ನು ಹಾದು ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಕಪ್ಪು ನೆಲಕ್ಕೆ ನೀರುಣಿಸಿ ಕೃಷ್ಣೆಯನ್ನು ಸೇರುತ್ತದೆ. ನದಿಯ ಮೇಲ್ಭಾಗದಲ್ಲಿ ಮರಾಠಿ, ಕೆಳಭಾಗದಲ್ಲಿ ಕನ್ನಡ. ಆದರೆ ರೈತನ ಬದುಕಿನ ರೀತಿ ಎರಡೂ ಕಡೆ ಬಹುಮಟ್ಟಿಗೆ ಒಂದೇ. ಊರಿನಿಂದ ದೂರ, ಹೊಲದ ನಡುವೆ ಮನೆ ಕಟ್ಟಿಕೊಂಡು ದನಕರುಗಳೊಡನೆ ವಾಸಿಸುವ ಕುಟುಂಬಗಳು ಇಂದಾಪುರದಲ್ಲಿಯೂ ಇವೆ, ಇಂಡಿ, ಅಫಜಲಪುರಗಳಲ್ಲಿಯೂ ಇವೆ. ಅಲ್ಲಿ ಅದು 'ವಸ್ತಿ', ಇಲ್ಲಿ 'ತೋಟದ ವಸ್ತಿ'.

ಇಂತಹ ಒಂಟಿ ಮನೆಗಳಿಗೆ ವಿದ್ಯುತ್ ಜಾಲದ ಕಂಬ ತಲುಪುವುದು ತಡವಾಗುತ್ತದೆ. ತಲುಪಿದ ಕಡೆಯಲ್ಲಿಯೂ ಕೃಷಿಯ ಮಾರ್ಗದ ವಿದ್ಯುತ್ತು ಸರದಿಯ ಮೇರೆಗೆ, ಅನೇಕ ವೇಳೆ ಅಪರಾತ್ರಿಯಲ್ಲಿ ಬರುತ್ತದೆ. ಆದುದರಿಂದ ಜಾಲವನ್ನು ಅವಲಂಬಿಸದ ಸೌರ ವಿದ್ಯುತ್ ವ್ಯವಸ್ಥೆಯು ಈ ಕುಟುಂಬಗಳಿಗೆ ವರವಾಗಿ ಪರಿಣಮಿಸಿದೆ. ಕೇಂದ್ರದಲ್ಲಿ ಅಸಾಂಪ್ರದಾಯಿಕ ಇಂಧನ ಮೂಲಗಳಿಗಾಗಿ ಪ್ರತ್ಯೇಕ ಸಚಿವಾಲಯವು 1992ರಲ್ಲಿ ರಚನೆಯಾಯಿತು; 2006ರಲ್ಲಿ ಅದಕ್ಕೆ ನವೀನ ಮತ್ತು ನವೀಕರಿಸಬಹುದಾದ ಇಂಧನ ಸಚಿವಾಲಯವೆಂಬ ಹೆಸರಾಯಿತು. 1995ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಸೆಲ್ಕೊ ಸಂಸ್ಥೆಯು ಕರ್ನಾಟಕದ ಹಳ್ಳಿಗಳ ಮನೆಗಳಿಗೆ ಬ್ಯಾಂಕ್ ಸಾಲದ ನೆರವಿನೊಡನೆ ಸೌರ ದೀಪಗಳನ್ನು ಒದಗಿಸತೊಡಗಿತು. 2010ರಲ್ಲಿ ರಾಷ್ಟ್ರೀಯ ಸೌರ ಅಭಿಯಾನ ಆರಂಭವಾಯಿತು. 2019ರಲ್ಲಿ ಮಂಜೂರಾದ ಪಿಎಂ-ಕುಸುಮ್ ಯೋಜನೆಯು ಹೊಲಗಳಲ್ಲಿ ಸೌರ ಪಂಪುಗಳನ್ನು ಸ್ಥಾಪಿಸಲು ಸಹಾಯಧನದ ಏರ್ಪಾಡು ಮಾಡಿತು.

ಸೌರ ವ್ಯವಸ್ಥೆಯನ್ನು ಕೊಳ್ಳುವಾಗ ಫಲಕ ಎಷ್ಟು ವ್ಯಾಟಿನದು, ಬ್ಯಾಟರಿ ಎಷ್ಟು ಆಂಪೇರ್-ಗಂಟೆಯದು ಎಂದು ಎಲ್ಲರೂ ವಿಚಾರಿಸುತ್ತಾರೆ. ಇವೆರಡನ್ನೂ ಜೋಡಿಸುವ ಕೇಬಲಿನ ಬಗ್ಗೆ ವಿಚಾರಿಸುವವರು ವಿರಳ. ಅಂಗಡಿಯಲ್ಲಿ ದೊರೆತ ವೈರನ್ನು ಎಳೆದು ಕೆಲಸ ಮುಗಿಸುವುದೇ ಹೆಚ್ಚು. ಕೆಲವು ತಿಂಗಳಲ್ಲಿಯೇ ಕೊಟ್ಟಿಗೆಯ ದೀಪ ಮಂಕಾಗುತ್ತದೆ, ಫ್ಯಾನು ನಿಧಾನವಾಗುತ್ತದೆ, ಎರಡು ವರ್ಷ ತುಂಬುವುದರೊಳಗೆ ಬ್ಯಾಟರಿ ಕೈಕೊಡುತ್ತದೆ. ದೋಷವನ್ನು ಫಲಕದ ಮೇಲೆ ಅಥವಾ ಬ್ಯಾಟರಿಯ ಮೇಲೆ ಹೊರಿಸಲಾಗುತ್ತದೆ. ನಿಜವಾದ ದೋಷವು ಅನೇಕ ವೇಳೆ ಗೋಡೆಯ ಮೇಲೆ ಮೌನವಾಗಿ ಹಾದುಹೋಗುವ ತೆಳ್ಳನೆಯ ತಂತಿಯಲ್ಲಿರುತ್ತದೆ.

ಕಾಲುವೆಯ ತುದಿಯ ಪಾಠ

ನೀರಾ ಎಡದಂಡೆ ಕಾಲುವೆಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಿರ್ಮಾಣವಾದುದು. ಪುರಂದರ, ಬಾರಾಮತಿ ತಾಲ್ಲೂಕುಗಳನ್ನು ದಾಟಿದ ಮೇಲೆ ಅದು ಇಂದಾಪುರಕ್ಕೆ ಬರುತ್ತದೆ. ಕಾಲುವೆಯ ತಲೆಯಲ್ಲಿರುವ ಹೊಲಕ್ಕೂ ತುದಿಯಲ್ಲಿರುವ ಹೊಲಕ್ಕೂ ಇರುವ ಅಂತರವನ್ನು ಇಂದಾಪುರದ ರೈತನಿಗೆ ಯಾರೂ ವಿವರಿಸಬೇಕಾಗಿಲ್ಲ. ತಲೆಯಲ್ಲಿ ಬಿಟ್ಟ ನೀರೆಲ್ಲವೂ ತುದಿಯನ್ನು ತಲುಪುವುದಿಲ್ಲ. ದಾರಿಯುದ್ದಕ್ಕೂ ಒಂದಿಷ್ಟು ನೆಲಕ್ಕೆ ಇಂಗುತ್ತದೆ. ನಾರಾಯಣಪುರದ ಕಾಲುವೆಗಳ ಕೊನೆಯಂಚಿನ ಕನ್ನಡ ರೈತನಿಗೂ ಇದು ಅನುಭವವೇದ್ಯ.

ತಂತಿಯಲ್ಲಿ ಹರಿಯುವ ವಿದ್ಯುತ್ತಿನ ವಿಷಯವೂ ಸ್ಥೂಲವಾಗಿ ಹೀಗೆಯೇ. ಒಂದು ಮುಖ್ಯ ವ್ಯತ್ಯಾಸವೆಂದರೆ, ಇಲ್ಲಿ ಹರಿಯುವ ಪ್ರವಾಹ ಕಡಿಮೆಯಾಗುವುದಿಲ್ಲ. ಅದನ್ನು ಮುಂದೆ ತಳ್ಳುವ ಒತ್ತಡ, ಅಂದರೆ ವೋಲ್ಟೇಜು, ಕಡಿಮೆಯಾಗುತ್ತದೆ. ಪ್ರತಿಯೊಂದು ತಂತಿಯೂ ಪ್ರವಾಹಕ್ಕೆ ಅಷ್ಟಿಷ್ಟು ರೋಧವನ್ನು ಒಡ್ಡುತ್ತದೆ. ಪ್ರವಾಹವನ್ನು ರೋಧದಿಂದ ಗುಣಿಸಿದರೆ ತಂತಿಯಲ್ಲಿ ನಷ್ಟವಾಗುವ ವೋಲ್ಟೇಜು ದೊರೆಯುತ್ತದೆ. ಜರ್ಮನಿಯ ಗೇಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ಈ ನಿಯಮವೇ ಕೇಬಲಿನ ಗಾತ್ರ ನಿರ್ಣಯದ ಬುನಾದಿ. ತಂತಿ ಉದ್ದವಾದಷ್ಟೂ ರೋಧ ಹೆಚ್ಚು. ದಪ್ಪವಾದಷ್ಟೂ ರೋಧ ಕಡಿಮೆ. ಹೀಗೆ ಕಳೆದುಹೋದ ಶಕ್ತಿಯು ಶಾಖವಾಗಿ ಮಾರ್ಪಟ್ಟು ಗಾಳಿಯಲ್ಲಿ ಲೀನವಾಗುತ್ತದೆ.

ಕಡಿಮೆ ವೋಲ್ಟೇಜಿನ ಇಕ್ಕಟ್ಟು

ಮನೆಗೆ ಬರುವ ಜಾಲದ ವಿದ್ಯುತ್ತು 230 ವೋಲ್ಟಿನದು. ಅದರಲ್ಲಿ 2 ವೋಲ್ಟ್ ಕುಸಿದರೆ ನಷ್ಟ ನೂರಕ್ಕೆ ಒಂದರಷ್ಟೂ ಅಲ್ಲ. ದೀಪಕ್ಕೆ ಅದರ ಅರಿವೇ ಆಗುವುದಿಲ್ಲ. ಆದರೆ ಸಣ್ಣ ಸೌರ ವ್ಯವಸ್ಥೆಗಳ ಬ್ಯಾಟರಿಯು ಸಾಮಾನ್ಯವಾಗಿ 12 ವೋಲ್ಟಿನದು. ಅದರಲ್ಲಿ 2 ವೋಲ್ಟ್ ಕುಸಿದರೆ ಆರರಲ್ಲಿ ಒಂದು ಪಾಲು ಹೋದಂತೆ. ಮೇಲಾಗಿ, ಅಷ್ಟೇ ವ್ಯಾಟಿನ ದೀಪವನ್ನು ಉರಿಸಲು 12 ವೋಲ್ಟಿನಲ್ಲಿ ಹರಿಯಬೇಕಾದ ಪ್ರವಾಹವು 230 ವೋಲ್ಟಿನಲ್ಲಿ ಬೇಕಾಗುವುದಕ್ಕಿಂತ ಸುಮಾರು 19 ಪಟ್ಟು ಹೆಚ್ಚು. ಕುಸಿತವೂ ಹೆಚ್ಚು, ಕುಸಿತವನ್ನು ತಾಳುವ ಶಕ್ತಿಯೂ ಕಡಿಮೆ. ಜಾಲದ ವಿದ್ಯುತ್ತಿಗೆ ಸಾಕಾಗುವ ವೈರು ಸೌರ ವಿದ್ಯುತ್ತಿಗೆ ಸಾಲದಿರುವುದು ಈ ಎರಡು ಕಾರಣಗಳಿಂದ.

ಈ ಇಕ್ಕಟ್ಟು ಹೊಸದಲ್ಲ. 1882ರಲ್ಲಿ ಥಾಮಸ್ ಎಡಿಸನ್ ನ್ಯೂಯಾರ್ಕಿನಲ್ಲಿ ಆರಂಭಿಸಿದ ವಿದ್ಯುತ್ ಕೇಂದ್ರವು ಸುಮಾರು 110 ವೋಲ್ಟಿನ ನೇರ ವಿದ್ಯುತ್ತನ್ನು ಒದಗಿಸುತ್ತಿತ್ತು. ತಾಮ್ರದ ವೆಚ್ಚ ಮತ್ತು ವೋಲ್ಟೇಜಿನ ಕುಸಿತಗಳ ದೆಸೆಯಿಂದ ಅಂತಹ ಕೇಂದ್ರದ ವಿದ್ಯುತ್ತು ಒಂದೆರಡು ಕಿಲೋಮೀಟರಿನಾಚೆಗೆ ಲಾಭದಾಯಕವಾಗಿ ಹೋಗಲಾರದಾಯಿತು. 1902ರಲ್ಲಿ ಮೈಸೂರು ಸಂಸ್ಥಾನವು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸಿತು. ಹತ್ತಾರು ಸಾವಿರ ವೋಲ್ಟುಗಳ ಪರ್ಯಾಯ ವಿದ್ಯುತ್ತನ್ನು ಬಳಸಿದ್ದರಿಂದ ಇದು ಸಾಧ್ಯವಾಯಿತು. ವೋಲ್ಟೇಜು ಏರಿದಂತೆ ಪ್ರವಾಹ ಇಳಿಯುತ್ತದೆ, ಪ್ರವಾಹ ಇಳಿದಂತೆ ನಷ್ಟವೂ ಇಳಿಯುತ್ತದೆ. ಕೋಲಾರಕ್ಕೆ ಸಲ್ಲುವ ಈ ತತ್ತ್ವವೇ ತೋಟದ ವಸ್ತಿಯ ಕೊಟ್ಟಿಗೆಗೂ ಸಲ್ಲುತ್ತದೆ.

ಲೆಕ್ಕದ ಕ್ರಮ

ಕೇಬಲಿನ ಗಾತ್ರವನ್ನು ಅದರೊಳಗಿನ ಲೋಹದ ಅಡ್ಡಕೊಯ್ತದ ವಿಸ್ತೀರ್ಣದಿಂದ, ಚದರ ಮಿಲಿಮೀಟರುಗಳಲ್ಲಿ ಹೇಳುವುದು ರೂಢಿ. ಪೇಟೆಯಲ್ಲಿ 1.5, 2.5, 4, 6, 10, 16, 25, 35 ಹೀಗೆ ನಿಗದಿತ ಗಾತ್ರಗಳು ದೊರೆಯುತ್ತವೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆಯ ದಪ್ಪವನ್ನು ನೋಡಿ ಮೋಸಹೋಗಬಾರದು. ಒಳಗಿನ ಲೋಹವೇ ಲೆಕ್ಕಕ್ಕೆ ಬರುವಂಥದು.

ಲೆಕ್ಕಕ್ಕೆ ಬೇಕಾದ ಅಂಶಗಳು ಮೂರು: ತಂತಿ ಹಾದುಹೋಗುವ ದೂರ, ಹರಿಯುವ ಪ್ರವಾಹ, ತಾಳಬಹುದಾದ ವೋಲ್ಟೇಜ್ ಕುಸಿತ. ದೂರವನ್ನು ಮೀಟರುಗಳಲ್ಲಿ ಅಳೆದು 2ರಿಂದ ಗುಣಿಸಬೇಕು. ಏಕೆಂದರೆ ವಿದ್ಯುತ್ತು ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಹಿಂತಿರುಗುತ್ತದೆ, ಎರಡರಲ್ಲಿಯೂ ನಷ್ಟವಾಗುತ್ತದೆ. ಬಂದುದನ್ನು ಆಂಪೇರಿನಲ್ಲಿ ಹೇಳಿದ ಪ್ರವಾಹದಿಂದಲೂ, ಅನಂತರ 0.02 ಎಂಬ ಸಂಖ್ಯೆಯಿಂದಲೂ ಗುಣಿಸಬೇಕು. ಈ ಮೊತ್ತವನ್ನು ಚದರ ಮಿಲಿಮೀಟರಿನ ಗಾತ್ರದಿಂದ ಭಾಗಿಸಿದರೆ ಎಷ್ಟು ವೋಲ್ಟ್ ಕುಸಿಯುತ್ತದೆಂಬುದು ತಿಳಿಯುತ್ತದೆ.

0.02 ಎಂಬುದು ತಾಮ್ರದ ಗುಣವನ್ನು ಸೂಚಿಸುವ ಸಂಖ್ಯೆ. ಒಂದು ಚದರ ಮಿಲಿಮೀಟರ್ ಗಾತ್ರದ, ಒಂದು ಮೀಟರ್ ಉದ್ದದ ತಾಮ್ರದ ತಂತಿಯ ರೋಧವು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 0.0172 ಓಮ್. ಉಷ್ಣತೆ ಒಂದೊಂದು ಡಿಗ್ರಿ ಏರಿದಂತೆ ಅದು ಶೇಕಡಾ 0.4ರಷ್ಟು ಹೆಚ್ಚುತ್ತದೆ. ಭೀಮಾ ಬಯಲಿನ ಏಪ್ರಿಲ್-ಮೇ ತಿಂಗಳುಗಳಲ್ಲಿ ಬಿಸಿಲಿಗೆ ಒಡ್ಡಿದ ತಂತಿಯು 60 ಡಿಗ್ರಿಯವರೆಗೆ ಕಾಯುವುದು ಸಾಧ್ಯವಾದುದರಿಂದ 0.02 ಎಂದು ಹಿಡಿಯುವುದು ಸುರಕ್ಷಿತ. ಅಲ್ಯೂಮಿನಿಯಂ ತಂತಿಯಾದರೆ ರೋಧ ಸುಮಾರು 1.6 ಪಟ್ಟು ಹೆಚ್ಚು. ಆದ್ದರಿಂದ ಗಾತ್ರವನ್ನೂ ಅಷ್ಟೇ ಹೆಚ್ಚಿಸಬೇಕಾಗುತ್ತದೆ.

ಎಷ್ಟು ಕುಸಿತವನ್ನು ತಾಳಬಹುದು? ದೀಪ, ಫ್ಯಾನುಗಳ ಮಾರ್ಗಕ್ಕೆ ಶೇಕಡಾ 3, ಫಲಕದಿಂದ ನಿಯಂತ್ರಕದವರೆಗೆ ಶೇಕಡಾ 2ರಿಂದ 3, ನಿಯಂತ್ರಕದಿಂದ ಬ್ಯಾಟರಿಯವರೆಗೆ ಶೇಕಡಾ 1 ಎಂಬುದು ಅನುಭವದಿಂದ ಬಂದ ಒಳ್ಳೆಯ ಮಿತಿ.

ದೂರವನ್ನು ಕಣ್ಣಳತೆಯಿಂದ ನಿರ್ಧರಿಸುವುದು ಸಾಮಾನ್ಯವಾದ ತಪ್ಪು. ಹಕ್ಕಿ ಹಾರಿದಂತೆ ತಂತಿ ನೇರವಾಗಿ ಹೋಗುವುದಿಲ್ಲ. ಅದು ಗೋಡೆಯನ್ನೇರಿ, ಬಾಗಿಲ ಚೌಕಟ್ಟನ್ನು ಬಳಸಿ, ಕಂಬದಿಂದಿಳಿದು ಸಾಗುತ್ತದೆ. ಟೇಪು ಹಿಡಿದು ತಂತಿಯ ನಿಜವಾದ ದಾರಿಯಲ್ಲಿಯೇ ಅಳೆದು, ಜೋಡಣೆಗಾಗಿ ಹತ್ತರಲ್ಲಿ ಒಂದು ಪಾಲನ್ನು ಸೇರಿಸಿಕೊಳ್ಳುವುದು ಯುಕ್ತ.

ಕೊಟ್ಟಿಗೆಯ ದೀಪ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಉಜನಿ ಹಿನ್ನೀರಿನ ದಂಡೆಯ ಕಬ್ಬಿನ ಹೊಲದಲ್ಲಿ ಒಂದು ಮನೆಯಿದೆ. ಬ್ಯಾಟರಿ ಮನೆಯೊಳಗಿದೆ, ದನದ ಕೊಟ್ಟಿಗೆಯು ತಂತಿಯ ದಾರಿಯಲ್ಲಿ 30 ಮೀಟರ್ ದೂರದಲ್ಲಿದೆ. ಕೊಟ್ಟಿಗೆಯಲ್ಲಿ 9 ವ್ಯಾಟಿನ ಎರಡು ಎಲ್‌ಇಡಿ ದೀಪಗಳೂ 24 ವ್ಯಾಟಿನ ಒಂದು ಫ್ಯಾನೂ ಇವೆ. ಒಟ್ಟು 42 ವ್ಯಾಟ್. 12 ವೋಲ್ಟಿನಿಂದ ಭಾಗಿಸಿದರೆ ಪ್ರವಾಹವು 3.5 ಆಂಪೇರ್. ಹೋಗಿಬರುವ ದೂರ 60 ಮೀಟರ್. 60, 3.5 ಮತ್ತು 0.02 ಇವುಗಳ ಗುಣಲಬ್ಧ 4.2.

ಮನೆಯ ವೈರಿಂಗಿಗೆ ಬಳಸುವ 1.5 ಚದರ ಮಿಲಿಮೀಟರಿನ ವೈರನ್ನು ಎಳೆದರೆ ಕುಸಿತವು 4.2 ಭಾಗಿಸು 1.5, ಅಂದರೆ 2.8 ವೋಲ್ಟ್. ಇದು ಶೇಕಡಾ 23. ಬ್ಯಾಟರಿಯಲ್ಲಿ 12 ವೋಲ್ಟ್ ಇದ್ದರೂ ಕೊಟ್ಟಿಗೆಯನ್ನು ತಲುಪುವುದು 9.2 ವೋಲ್ಟ್ ಮಾತ್ರ. 2.5ರ ವೈರಿಗೆ ಕುಸಿತ 1.68 ವೋಲ್ಟ್, ಶೇಕಡಾ 14. 4ರ ವೈರಿಗೆ 1.05 ವೋಲ್ಟ್, ಶೇಕಡಾ 9. 6ರ ವೈರಿಗೆ 0.7 ವೋಲ್ಟ್, ಶೇಕಡಾ 6. 10ರ ವೈರಿಗೆ 0.42 ವೋಲ್ಟ್, ಶೇಕಡಾ 3.5. ಶೇಕಡಾ 3ರ ಮಿತಿಯೊಳಗೆ ಬರಬೇಕಾದರೆ 16 ಚದರ ಮಿಲಿಮೀಟರಿನ ಕೇಬಲೇ ಬೇಕು.

1.5ರ ವೈರು 3.5 ಆಂಪೇರಿಗೆ ಬಿಸಿಯಾಗಿ ಸುಡುವುದಿಲ್ಲ. ಆ ದೃಷ್ಟಿಯಿಂದ ಅದು ಸುರಕ್ಷಿತವೇ. ಆದರೆ ಅದರಲ್ಲಿ ವ್ಯರ್ಥವಾಗುವ ಶಕ್ತಿಯು 3.5 ಗುಣಿಸು 2.8, ಅಂದರೆ ಸುಮಾರು 10 ವ್ಯಾಟ್. ಐದು ಗಂಟೆಗಳ ಕಾಲ ಹೀಗೆ ಸೋರಿದ ಶಕ್ತಿಯಿಂದ 9 ವ್ಯಾಟಿನ ಇನ್ನೊಂದು ದೀಪವನ್ನು ಅಷ್ಟೇ ಹೊತ್ತು ಉರಿಸಬಹುದಾಗಿತ್ತು. ಕೆಲವು ಎಲ್‌ಇಡಿ ದೀಪಗಳು ವೋಲ್ಟೇಜು ಇಳಿದಾಗ ಹೆಚ್ಚು ಪ್ರವಾಹವನ್ನು ಎಳೆದುಕೊಳ್ಳುತ್ತವೆ. ಆಗ ಕುಸಿತ ಮತ್ತೂ ಹೆಚ್ಚುತ್ತದೆ. ಇನ್ನು ಕೆಲವು ಮಿನುಗಿ ಆರಿಹೋಗುತ್ತವೆ. ಹಸು ಕರು ಹಾಕುವ ರಾತ್ರಿಯಲ್ಲಿ, ಕಬ್ಬಿನ ಗದ್ದೆಯಿಂದ ಹಾವು ಹರಿದುಬರುವ ಮಳೆಗಾಲದಲ್ಲಿ, ಕೊಟ್ಟಿಗೆಯ ದೀಪ ಆರುವುದೆಂದರೆ ಅದು ಕೇವಲ ಲೆಕ್ಕದ ಪ್ರಶ್ನೆಯಲ್ಲ.

ಎರಡು ಪರೀಕ್ಷೆಗಳಿವೆ ಎಂಬುದನ್ನು ಇದರಿಂದ ಗ್ರಹಿಸಬಹುದು. ತಂತಿ ಬಿಸಿಯಾಗದೆ ಎಷ್ಟು ಪ್ರವಾಹವನ್ನು ಹೊರಬಲ್ಲದು ಎಂಬುದು ಒಂದು. ಎಷ್ಟು ವೋಲ್ಟೇಜನ್ನು ಕಳೆಯುತ್ತದೆ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ದಪ್ಪನೆಯ ತಂತಿಯನ್ನು ಬೇಡುವುದೋ ಅದನ್ನೇ ಆರಿಸಬೇಕು. ಕಡಿಮೆ ವೋಲ್ಟೇಜಿನ ಉದ್ದವಾದ ಮಾರ್ಗಗಳಲ್ಲಿ ಬಹುತೇಕ ಎರಡನೆಯ ಪರೀಕ್ಷೆಯೇ ನಿರ್ಣಾಯಕ.

ತಾಮ್ರವನ್ನು ಉಳಿಸುವ ಮಾರ್ಗಗಳು

30 ಮೀಟರ್ ದೂರಕ್ಕೆ 16 ಚದರ ಮಿಲಿಮೀಟರಿನ ತಾಮ್ರವನ್ನು ಎಳೆಯುವುದು ಸಾಮಾನ್ಯ ರೈತನಿಗೆ ಭಾರವಾದ ವೆಚ್ಚ. ಇದಕ್ಕೆ ಪರ್ಯಾಯಗಳಿವೆ.

ಮೊದಲನೆಯದು, ವೋಲ್ಟೇಜನ್ನು ಹೆಚ್ಚಿಸುವುದು. ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ, 24 ವೋಲ್ಟಿನ ದೀಪ, ಫ್ಯಾನುಗಳನ್ನು ಬಳಸಿದರೆ ಅದೇ 42 ವ್ಯಾಟಿಗೆ ಪ್ರವಾಹವು 1.75 ಆಂಪೇರಿಗೆ ಇಳಿಯುತ್ತದೆ. 4 ಚದರ ಮಿಲಿಮೀಟರಿನ ವೈರಿನಲ್ಲಿ ಕುಸಿತವು 0.53 ವೋಲ್ಟ್; 24 ವೋಲ್ಟಿನ ಲೆಕ್ಕದಲ್ಲಿ ಇದು ಶೇಕಡಾ 2.2. ಹನ್ನೆರಡರಲ್ಲಿ 16ರ ಕೇಬಲು ಮಾಡಿದ ಕೆಲಸವನ್ನು ಇಪ್ಪತ್ತನಾಲ್ಕರಲ್ಲಿ 4ರ ವೈರು ಮಾಡಿತು. ವೋಲ್ಟೇಜು ಎರಡರಷ್ಟಾದರೆ ಬೇಕಾಗುವ ತಾಮ್ರವು ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದು ನೆನಪಿಡತಕ್ಕ ಸೂತ್ರ. 48 ವೋಲ್ಟಿನಲ್ಲಾದರೆ 1.5ರ ವೈರಿನಲ್ಲಿಯೂ ಕುಸಿತ ಶೇಕಡಾ 1.5ನ್ನು ಮೀರುವುದಿಲ್ಲ.

ಎರಡನೆಯದು, ಇನ್ವರ್ಟರಿನ ಮೂಲಕ 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಪರಿವರ್ತಿಸಿ ಕೊಟ್ಟಿಗೆಗೆ ಒಯ್ಯುವುದು. ತಂತಿಯಲ್ಲಿ ನಷ್ಟ ನಗಣ್ಯವಾಗುತ್ತದೆ. ಆದರೆ ಇನ್ವರ್ಟರು ತಾನೇ ಒಂದಿಷ್ಟು ವಿದ್ಯುತ್ತನ್ನು ಸದಾ ಕಬಳಿಸುತ್ತದೆ. ಒದ್ದೆ ನೆಲದ ಕೊಟ್ಟಿಗೆಯಲ್ಲಿ 230 ವೋಲ್ಟ್ ಮನುಷ್ಯರಿಗೂ ರಾಸುಗಳಿಗೂ ಪ್ರಾಣಾಪಾಯಕಾರಿ. ಸರಿಯಾದ ಭೂಸಂಪರ್ಕ ಮತ್ತು ಸೋರಿಕೆಯನ್ನು ಗುರುತಿಸಿ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಇಲ್ಲದೆ ಇದನ್ನು ಮಾಡತಕ್ಕದ್ದಲ್ಲ.

ಮೂರನೆಯದು, ತಂತಿಯನ್ನೇ ಎಳೆಯದಿರುವುದು. ದೂರದ ಕೊಟ್ಟಿಗೆಗೆ ಸಣ್ಣ ಫಲಕ, ಸಣ್ಣ ಬ್ಯಾಟರಿಗಳುಳ್ಳ ಪ್ರತ್ಯೇಕ ದೀಪವನ್ನು ಅಳವಡಿಸುವುದು ಅನೇಕ ವೇಳೆ ದಪ್ಪ ಕೇಬಲಿಗಿಂತ ಅಗ್ಗ. ಮನೆಯೊಳಗಿನ ಬ್ಯಾಟರಿಯನ್ನೂ ಮೂಲೆಯಲ್ಲಿಡದೆ, ಗಾಳಿಯಾಡುವ ಮಧ್ಯದ ಜಾಗದಲ್ಲಿಟ್ಟರೆ ಎಲ್ಲ ಮಾರ್ಗಗಳ ಉದ್ದವೂ ತಗ್ಗುತ್ತದೆ.

ಫಲಕದಿಂದ ಬ್ಯಾಟರಿಗೆ

ದೀಪ ಮಂಕಾದರೆ ಕಣ್ಣಿಗೆ ಕಾಣುತ್ತದೆ. ಫಲಕದಿಂದ ಬ್ಯಾಟರಿಗೆ ಬರುವ ಮಾರ್ಗದ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ಅದು ಹೆಚ್ಚು ಅಪಾಯಕಾರಿ.

150 ವ್ಯಾಟಿನ ಒಂದು ಫಲಕವು 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು 18 ವೋಲ್ಟಿನಲ್ಲಿ 8.3 ಆಂಪೇರ್ ಪ್ರವಾಹವನ್ನು ಕೊಡುತ್ತದೆ. ಆದರೆ ಬಿಸಿಲಿಗೆ ಕಾದಂತೆ ಫಲಕದ ವೋಲ್ಟೇಜು ಡಿಗ್ರಿಗೆ ಸುಮಾರು ಶೇಕಡಾ 0.4ರಂತೆ ಇಳಿಯುತ್ತದೆ. ಬೇಸಿಗೆಯ ಮಧ್ಯಾಹ್ನ ಫಲಕವು 65 ಡಿಗ್ರಿಗೆ ಕಾದರೆ 18 ವೋಲ್ಟು 15.1ಕ್ಕೆ ಇಳಿಯುತ್ತದೆ. ಇತ್ತ, 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿಯು ಪೂರ್ತಿಯಾಗಿ ತುಂಬಲು ಸುಮಾರು 14.4 ವೋಲ್ಟ್ ಬೇಕು. ನಡುವೆ ಉಳಿಯುವ ಅಂತರ 0.7 ವೋಲ್ಟ್ ಮಾತ್ರ. ತಂತಿಯ ನಷ್ಟವೆಲ್ಲವೂ ಇಷ್ಟರೊಳಗೇ ಮುಗಿಯಬೇಕು.

ಮಾಳಿಗೆಯ ಫಲಕದಿಂದ ಕೆಳಗಿನ ನಿಯಂತ್ರಕದವರೆಗೆ ತಂತಿಯ ದಾರಿ 12 ಮೀಟರ್ ಎಂದಿಟ್ಟುಕೊಂಡರೆ ಹೋಗಿಬರುವ ದೂರ 24 ಮೀಟರ್, 24, 8.3, 0.02 ಇವುಗಳ ಗುಣಲಬ್ಧ ಸುಮಾರು 4. 4 ಚದರ ಮಿಲಿಮೀಟರಿನ ವೈರಿನಲ್ಲಿ 1 ವೋಲ್ಟ್ ಕುಸಿದು 14.1 ವೋಲ್ಟ್ ಉಳಿಯುತ್ತದೆ, ಇದು ಸಾಲದು. 6ರ ವೈರಿನಲ್ಲಿ ಉಳಿಯುವುದು 14.4, ಅಂಚಿಗೆ ಬಂದು ನಿಂತಂತೆ. 10ರ ಕೇಬಲಿನಲ್ಲಿ 14.7 ವೋಲ್ಟ್ ಉಳಿದು ಕೆಲಸ ನಿಶ್ಚಿಂತೆಯಿಂದ ನಡೆಯುತ್ತದೆ. ತೆಳ್ಳನೆಯ ತಂತಿಯ ವ್ಯವಸ್ಥೆಯಲ್ಲಿ ಬ್ಯಾಟರಿಗೆ ಏನೂ ಸೇರುವುದಿಲ್ಲವೆಂದಲ್ಲ; ತುಂಬುವ ಕೊನೆಯ ಹಂತದಲ್ಲಿ ಪ್ರವಾಹ ಕುಗ್ಗಿ, ಸಂಜೆಯೊಳಗೆ ಬ್ಯಾಟರಿ ಭರ್ತಿಯಾಗದೆ ಉಳಿಯುತ್ತದೆ.

ನಿಯಂತ್ರಕ ಮತ್ತು ಬ್ಯಾಟರಿಗಳ ನಡುವಿನ ತಂತಿಯಂತೂ ಆದಷ್ಟು ಗಿಡ್ಡವಾಗಿಯೂ ದಪ್ಪವಾಗಿಯೂ ಇರಬೇಕು. ನಿಯಂತ್ರಕವು ಬ್ಯಾಟರಿಯ ವೋಲ್ಟೇಜನ್ನು ಸಾಮಾನ್ಯವಾಗಿ ತನ್ನ ಬಾಗಿಲಲ್ಲಿಯೇ ಅಳೆಯುತ್ತದೆ. ನಡುವಿನ ತಂತಿಯಲ್ಲಿ 0.3 ವೋಲ್ಟ್ ಕುಸಿದರೆ, ಬ್ಯಾಟರಿಯಲ್ಲಿ 14.1 ಇರುವಾಗಲೇ ನಿಯಂತ್ರಕವು 14.4 ಆಯಿತೆಂದು ಭ್ರಮಿಸಿ ಪ್ರವಾಹವನ್ನು ತಗ್ಗಿಸತೊಡಗುತ್ತದೆ. ದಿನವೂ ಹೀಗೆ ಅರೆಹೊಟ್ಟೆಯಲ್ಲಿರುವ ಬ್ಯಾಟರಿಯ ಸೀಸದ ತಟ್ಟೆಗಳ ಮೇಲೆ ಸಲ್ಫೇಟಿನ ಹರಳುಗಳು ಗಟ್ಟಿಯಾಗಿ ಕೂರುತ್ತವೆ. ಹಾಗೆ ಗಟ್ಟಿಯಾದವು ಮತ್ತೆ ಸುಲಭವಾಗಿ ಕರಗುವುದಿಲ್ಲ. ಬ್ಯಾಟರಿಯ ಆಯುಷ್ಯ ಮೊಟಕಾಗುತ್ತದೆ. ಸೀಸ-ಆಮ್ಲ ಬ್ಯಾಟರಿಯುಳ್ಳ ವ್ಯವಸ್ಥೆಯಲ್ಲಿ ಮತ್ತೆ ಮತ್ತೆ ಹಣ ಬೇಡುವ ಭಾಗವೆಂದರೆ ಬ್ಯಾಟರಿಯೇ. ತಂತಿಯಲ್ಲಿ ಉಳಿಸಿದ ಹಣವು ಬ್ಯಾಟರಿಯಲ್ಲಿ ಹಲವು ಪಟ್ಟಾಗಿ ಕಳೆದುಹೋಗುತ್ತದೆ.

ದೂರ ಹೆಚ್ಚಾಗಿರುವಲ್ಲಿ ಎಂ.ಪಿ.ಪಿ.ಟಿ. ಎಂದು ಕರೆಯಲಾಗುವ ನಿಯಂತ್ರಕವು ಉಪಯುಕ್ತ. ಫಲಕಗಳನ್ನು ಸರಣಿಯಲ್ಲಿ ಜೋಡಿಸಿ ಹೆಚ್ಚಿನ ವೋಲ್ಟೇಜಿನಲ್ಲಿ ವಿದ್ಯುತ್ತನ್ನು ತಂದು, ಬ್ಯಾಟರಿಯ ಬಳಿ ಅದನ್ನು ತಕ್ಕ ಮಟ್ಟಕ್ಕೆ ಇಳಿಸುವ ಸಾಮರ್ಥ್ಯ ಅದಕ್ಕಿದೆ.

ಇನ್ವರ್ಟರಿನ ಕೇಬಲು ಮತ್ತು ಫ್ಯೂಸು

ಬ್ಯಾಟರಿಯಿಂದ ಇನ್ವರ್ಟರಿಗೆ ಹೋಗುವ ದೂರ ಕಡಿಮೆಯಾದರೂ ಪ್ರವಾಹ ಅಪಾರ. 12 ವೋಲ್ಟಿನ ಇನ್ವರ್ಟರಿನ ಮೇಲೆ 800 ವ್ಯಾಟಿನ ಹೊರೆ ಬಿದ್ದರೆ, ಅದರ ಆಂತರಿಕ ನಷ್ಟವೂ ಸೇರಿ ಬ್ಯಾಟರಿಯಿಂದ ಸುಮಾರು 78 ಆಂಪೇರ್ ಹರಿಯುತ್ತದೆ. 2 ಮೀಟರ್ ದೂರಕ್ಕೆ 35 ಚದರ ಮಿಲಿಮೀಟರಿನ ಕೇಬಲಿನಲ್ಲಿಯೂ 0.18 ವೋಲ್ಟ್, ಅಂದರೆ ಶೇಕಡಾ 1.5ರಷ್ಟು ಕುಸಿಯುತ್ತದೆ. ಇಲ್ಲಿ ತೆಳ್ಳನೆಯ ತಂತಿ ವೋಲ್ಟೇಜನ್ನು ಕಳೆಯುವುದಲ್ಲದೆ ಕಾದು ಬೆಂಕಿಗೆ ಕಾರಣವಾಗಬಹುದು. ಸಡಿಲವಾದ ಜೋಡಣೆಯೂ ಅಷ್ಟೇ ಅಪಾಯಕಾರಿ. ಕೇಬಲಿನ ತುದಿಗೆ ತಕ್ಕ ಅಳತೆಯ ಲಗ್ಗನ್ನು ಯಂತ್ರದಿಂದ ಒತ್ತಿ ಕೂರಿಸಬೇಕೇ ಹೊರತು ಕೈಯಿಂದ ತಿರುಚಿ ಬಿಡಬಾರದು.

ಫ್ಯೂಸು ಇರುವುದು ಮುಖ್ಯವಾಗಿ ಕೇಬಲಿನ ರಕ್ಷಣೆಗಾಗಿ. ಅದರ ಸಾಮರ್ಥ್ಯವು ಹೊರೆಯ ಪ್ರವಾಹಕ್ಕಿಂತ ಹೆಚ್ಚಾಗಿಯೂ ಕೇಬಲು ತಾಳಬಲ್ಲ ಪ್ರವಾಹಕ್ಕಿಂತ ಕಡಿಮೆಯಾಗಿಯೂ ಇರಬೇಕು. ಬ್ಯಾಟರಿಗೆ ಆದಷ್ಟು ಸಮೀಪದಲ್ಲಿ ಅದನ್ನು ಅಳವಡಿಸಬೇಕು. ಏಕೆಂದರೆ ತಂತಿಗಳು ಎಲ್ಲಿಯಾದರೂ ಒಂದಕ್ಕೊಂದು ತಾಗಿದರೆ ನೂರಾರು ಆಂಪೇರನ್ನು ಸುರಿಯುವುದು ಬ್ಯಾಟರಿಯೇ. ಫ್ಯೂಸು, ಸ್ವಿಚ್ಚುಗಳು ನೇರ ವಿದ್ಯುತ್ತಿಗೆಂದೇ ತಯಾರಾದವಾಗಿರಬೇಕು. ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿ ಬೇಗ ನಂದುತ್ತದೆ. ನೇರ ವಿದ್ಯುತ್ತಿನ ಕಿಡಿ ಹಾಗೆ ನಂದುವುದಿಲ್ಲ.

ಸೌರ ಪಂಪಿನ ಮಾರ್ಗ

ಹೊಲದ ಸೌರ ಪಂಪಿನಲ್ಲಿ ಚಿತ್ರ ಬೇರೆಯಾಗುತ್ತದೆ. 5 ಅಶ್ವಶಕ್ತಿಯ ಪಂಪಿಗೆ ಸಾಮಾನ್ಯವಾಗಿ ಸುಮಾರು 4,800 ವ್ಯಾಟಿನ ಫಲಕಗಳು ಬೇಕು. ಅವುಗಳನ್ನು ಸರಣಿಯಲ್ಲಿ ಜೋಡಿಸಿ 320 ವೋಲ್ಟ್ ಪಡೆದರೆ ಪ್ರವಾಹ ಕೇವಲ 15 ಆಂಪೇರ್. ಬಾವಿಯು 100 ಮೀಟರ್ ದೂರದಲ್ಲಿದ್ದರೂ 6 ಚದರ ಮಿಲಿಮೀಟರಿನ ಕೇಬಲಿನಲ್ಲಿ ಕುಸಿತ 10 ವೋಲ್ಟ್, ಅಂದರೆ ಶೇಕಡಾ 3. 10ರ ಕೇಬಲಿನಲ್ಲಿ 6 ವೋಲ್ಟ್, ಶೇಕಡಾ 2ಕ್ಕಿಂತ ಕಡಿಮೆ. ಆದರೆ 320 ವೋಲ್ಟಿನ ನೇರ ವಿದ್ಯುತ್ತು ಮಾರಕವಾದುದು. ಬಿಸಿಲಿರುವವರೆಗೂ ಫಲಕಗಳ ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಹಿನ್ನೀರು ಇಳಿದಂತೆ ಪಂಪನ್ನು ಮುಂದಕ್ಕೆ ಸರಿಸುವ ರೂಢಿಯಿರುವ ಕಡೆಯಲ್ಲಿ, ತಂತಿಯನ್ನು ತಾವೇ ಕತ್ತರಿಸಿ ಗಂಟುಹಾಕಿ ಉದ್ದಮಾಡುವುದನ್ನು ಸರ್ವಥಾ ವರ್ಜಿಸಬೇಕು. ಅದು ಪರಿಣತ ಕೆಲಸಗಾರನ ಕೆಲಸ.

ನೆಲ, ಬಿಸಿಲು, ಬೆಂಕಿ

ಗಾತ್ರ ಸರಿಯಾಗಿದ್ದರೂ ಕೇಬಲು ಬಾಳಿಕೆ ಬರಬೇಕಾದರೆ ಅದು ಹಾದುಹೋಗುವ ನೆಲದ ಸ್ವಭಾವವನ್ನು ಅರಿತಿರಬೇಕು. ಭೀಮಾ ತೀರದ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಹೂಳಿದ ಕೇಬಲನ್ನು ಅದು ಎಳೆದು ತುಂಡರಿಸಬಲ್ಲದು. ಆದ್ದರಿಂದ ಕೇಬಲನ್ನು ಪೈಪಿನೊಳಗೆ, ಮರಳಿನ ಹಾಸಿನ ಮೇಲೆ, ತುಸು ಸಡಿಲವಾಗಿ ಮಲಗಿಸಬೇಕು. ಕಟಾವಿನ ನಂತರ ಕಬ್ಬಿನ ರವದಿಗೆ ಬೆಂಕಿ ಹಚ್ಚುವ ಹೊಲಗಳಲ್ಲಿ ನೆಲದ ಮೇಲೆ ಬಿದ್ದ ಕೇಬಲು ಉಳಿಯುವುದಿಲ್ಲ. ಇಲಿ, ಅಳಿಲುಗಳ ಕಾಟಕ್ಕೂ ಪೈಪೇ ಪರಿಹಾರ.

ಮನೆಯೊಳಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 694ಕ್ಕೆ ಅನುಗುಣವಾದ ಪಿ.ವಿ.ಸಿ. ವೈರು ಸಾಕು. ಆದರೆ ಸಾಧಾರಣ ಪಿ.ವಿ.ಸಿ. ಹೊದಿಕೆಯು ವರ್ಷಗಟ್ಟಲೆ ಬಿಸಿಲಿಗೆ ಒಡ್ಡಿದರೆ ಬಿರುಕು ಬಿಡುತ್ತದೆ. ಫಲಕಗಳ ಮಾರ್ಗಕ್ಕೆ, ಬಿಸಿಲು ಮತ್ತು ಶಾಖಗಳನ್ನು ತಾಳಬಲ್ಲ ಹೊದಿಕೆಯುಳ್ಳ ಪ್ರತ್ಯೇಕ ಸೌರ ಕೇಬಲುಗಳಿವೆ. 2020ರಲ್ಲಿ ಹೊರಬಂದ ಐ.ಎಸ್. 17293 ಇವುಗಳಿಗೆ ಸಂಬಂಧಿಸಿದ ಮಾನಕ. ಅಲ್ಯೂಮಿನಿಯಂ ತಂತಿಯನ್ನು ತಾಮ್ರಕ್ಕೆ ನೇರವಾಗಿ ಜೋಡಿಸಿದರೆ ತೇವದಲ್ಲಿ ಜೋಡಣೆ ಕೊರೆದುಹೋಗುತ್ತದೆ. ಎರಡು ಲೋಹಗಳಿಗೂ ಹೊಂದುವ ಲಗ್ಗನ್ನೇ ಬಳಸಬೇಕು. ಹೋಗುವ ಮತ್ತು ಬರುವ ತಂತಿಗಳನ್ನು ದೂರದೂರ ಒಯ್ಯದೆ ಒತ್ತೊತ್ತಾಗಿ ಕೊಂಡೊಯ್ದರೆ, ಸಮೀಪದಲ್ಲಿ ಸಿಡಿಲು ಬಡಿದಾಗ ಅವುಗಳಲ್ಲಿ ಉಂಟಾಗುವ ಹಠಾತ್ ವಿದ್ಯುದಾಘಾತ ತಗ್ಗುತ್ತದೆ.

ಸರಳವಾದ ಪರೀಕ್ಷೆ

ಈಗಾಗಲೇ ಸೌರ ವ್ಯವಸ್ಥೆಯನ್ನು ಹೊಂದಿರುವ ಕುಟುಂಬವು ತನ್ನ 12 ಅಥವಾ 24 ವೋಲ್ಟಿನ ತಂತಿಯನ್ನು ಸುಲಭವಾಗಿ ಪರೀಕ್ಷಿಸಬಹುದು. ಇದಕ್ಕೆ ಬೇಕಾದುದು ಒಂದು ಸಾಮಾನ್ಯ ಮಲ್ಟಿಮೀಟರ್. ಸಂಜೆ ಎಲ್ಲ ದೀಪ, ಫ್ಯಾನುಗಳನ್ನು ಹಾಕಿ, ಬ್ಯಾಟರಿಯ ತುದಿಗಳಲ್ಲಿ ವೋಲ್ಟೇಜನ್ನು ಅಳೆಯಬೇಕು. ಕೂಡಲೇ ಅತಿ ದೂರದ ದೀಪದ ಬಳಿ ಅಳೆಯಬೇಕು. ಎರಡರ ವ್ಯತ್ಯಾಸವೇ ದಾರಿಯಲ್ಲಿ ಸೋರಿದ ವೋಲ್ಟೇಜು. 12 ವೋಲ್ಟಿನ ವ್ಯವಸ್ಥೆಯಲ್ಲಿ ಅದು 0.4ರ ಆಸುಪಾಸಿನಲ್ಲಿದ್ದರೆ ತಂತಿ ಸರಿಯಾಗಿದೆ. ಒಂದು ವೋಲ್ಟನ್ನು ಮೀರಿದರೆ ತಂತಿ ತೆಳುವಾಗಿದೆ ಅಥವಾ ಎಲ್ಲಿಯೋ ಜೋಡಣೆ ಸಡಿಲವಾಗಿದೆ. ದೀಪಗಳನ್ನು ಆರಿಸಿ ಅಳೆದರೆ ಪ್ರವಾಹವಿಲ್ಲದ ಕಾರಣ ಕುಸಿತ ಕಾಣುವುದೇ ಇಲ್ಲ. ಹೊರೆಯಿರುವಾಗ ಅಳೆದುದೇ ನಿಜವಾದ ಅಳತೆ. ಹೊಸ ವ್ಯವಸ್ಥೆಯನ್ನು ಅಳವಡಿಸಿದ ದಿನವೇ, ಹಣ ಪಾವತಿಸುವ ಮುನ್ನ, ಈ ಪರೀಕ್ಷೆಯನ್ನು ತಮ್ಮೆದುರು ಮಾಡಿಸಿಕೊಳ್ಳುವುದು ಗ್ರಾಹಕರ ಹಕ್ಕು. ಮುಂಗಡದ ಪಟ್ಟಿಯಲ್ಲಿ 'ವೈರಿಂಗ್' ಎಂದಷ್ಟೇ ಬರೆಯದೆ, ಪ್ರತಿಯೊಂದು ಮಾರ್ಗದ ಉದ್ದ, ಗಾತ್ರ ಮತ್ತು ಲೋಹವನ್ನು ನಮೂದಿಸುವಂತೆ ಕೇಳುವುದೂ ಅಷ್ಟೇ ಅಗತ್ಯ.

ಸೂರ್ಯನ ಬೆಳಕು ಉಚಿತವಾದರೂ ಅದರಿಂದ ದೊರೆಯುವ ವಿದ್ಯುತ್ತಿಗೆ ಫಲಕ, ಬ್ಯಾಟರಿಗಳ ರೂಪದಲ್ಲಿ ಕುಟುಂಬವು ಮೊದಲೇ ಬೆಲೆ ತೆತ್ತಿರುತ್ತದೆ. ಅದರ ಒಂದು ಪಾಲನ್ನು ತಂತಿಯಲ್ಲಿ ಕಳೆದುಕೊಳ್ಳುವುದು, ದೂರದಿಂದ ಬಂದ ಕಾಲುವೆಯ ನೀರನ್ನು ಹೊಲದ ಬದುವಿನಲ್ಲಿಯೇ ಪೋಲು ಮಾಡಿದಂತೆ. ಟೇಪು ಹಿಡಿದು ಅಳೆದ ದೂರ, ಒಂದು ಗುಣಾಕಾರ, ಒಂದು ಭಾಗಾಕಾರ ಇಷ್ಟರಿಂದ ಆ ಪೋಲನ್ನು ತಡೆಯಬಹುದು. ಆಗ ತಂತಿಯ ತುದಿಯಲ್ಲಿರುವ ದೀಪವೂ ಬ್ಯಾಟರಿಯ ಬಳಿಯ ದೀಪದಷ್ಟೇ ಬೆಳಗುತ್ತದೆ; ಅದರ ಕೆಳಗೆ ಓದುವ ಮಗುವಿಗೂ ಹಾಲು ಕರೆಯುವ ತಾಯಿಗೂ ದೂರದ ಭೇದ ತಿಳಿಯದಾಗುತ್ತದೆ.